ಸಾಲಿನಲ್ಲಿ ಒಂದು ಎಲೆ ಹೆಚ್ಚು

ಊಟದ ಎಲೆ ಹಾಕುವುದು ಸುಲಭದ ಕೆಲಸವೆಂದು ಹೇಳುವವರು ಯಾರೂ ಮಾರ್ನಮಿ ಹಬ್ಬದ ದಿನ ನಮ್ಮ ಮನೆಯಲ್ಲಿ ಎಲೆ ಹಾಕಿದವರಲ್ಲ. ಬಾಳೆ ಎಲೆಯ ತುದಿ ಯಾವ ಕಡೆಗಿರಬೇಕು, ನೀರು ಚಿಮುಕಿಸಿ ಒರೆಸುವಾಗ ಸೀಳದಂತೆ ಹೇಗೆ ನೋಡಿಕೊಳ್ಳಬೇಕು, ಅಗಲದ ಎಲೆ ಯಾರಿಗೆ, ಹರುಕು ಎಲೆ ಯಾರಿಗೆ, ಇವನ್ನೆಲ್ಲ ಯಾರು ಬೇಕಾದರೂ ಒಂದು ಹಬ್ಬದಲ್ಲಿ ಕಲಿತುಬಿಡಬಹುದು. ಕಷ್ಟವಿದ್ದದ್ದು ತಲೆ ಲೆಕ್ಕದಲ್ಲಿ. ಹೈಸ್ಕೂಲು ಓದುತ್ತಿದ್ದ ನಾನು, ಕೂರುವವರನ್ನೆಲ್ಲ ಮನಸ್ಸಿನಲ್ಲೇ ಎಣಿಸಿ, ಪಡಸಾಲೆಯ ಉದ್ದಕ್ಕೂ ಎಲೆ ಹಾಸಿ, ಮಹಾ ಕೆಲಸ ಮುಗಿಸಿದವನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತರೆ, ಅವ್ವ ಅಡಿಗೆಮನೆಯ ಬಾಗಿಲಿಂದಲೇ ಸಾಲಿನ ಮೇಲೆ ಕಣ್ಣಾಡಿಸಿ, "ಒಂದು ಎಲೆ ಕಮ್ಮಿ ಆಕಿದ್ದೀಯಲ್ಲ ಲೇ. ನಿಮ್ಮಣ್ಣ ಎಲ್ಲಿ ಕೂತ್ಕಂಡಾನು?" ಅನ್ನುತ್ತಿದ್ದಳು.

ಅಣ್ಣ ಮನೆಯಲ್ಲಿರಲಿಲ್ಲ. ಊರಿನಲ್ಲೂ ಇರಲಿಲ್ಲ. ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅವನಿಗೊಂದು ಎಲೆ ಹಾಕಬೇಕಿತ್ತು, ಅದಕ್ಕೆ ಎಲ್ಲರಿಗೂ ಬಡಿಸಿದ ಹಾಗೆಯೇ ಬಡಿಸಬೇಕಿತ್ತು, ನಾವೆಲ್ಲ ಅದನ್ನು ನೋಡಿಯೂ ನೋಡದವರಂತೆ ಉಂಡು ಏಳಬೇಕಿತ್ತು.

ನಮ್ಮ ಸೀಮೆಯವರಲ್ಲದ ಓದುಗ ಮಿತ್ರರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆ.ಆರ್. ಪೇಟೆ ಕಡೆಯ ಒಕ್ಕಲು ಮನೆಗಳಲ್ಲಿ ಮಾರ್ನಮಿ ಎಂದರೆ ಸತ್ತ ಹಿರಿಯರ ಹಬ್ಬ. ನಡುಮನೆಯ ಗೋಡೆಗೆ ಕಳಶವಿಟ್ಟು, ಹೊಸ ಪಂಚೆ ಸೀರೆಗಳನ್ನು ಮಡಿಸಿಟ್ಟು, ತೀರಿಕೊಂಡವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಯ ತುಂಬ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದುಬಿಡುತ್ತೇವೆ. ಅದೇ ಎಡೆ. ಒಳಗೆ ಹಿರೀಕರು ಬಂದು ಉಂಡುಹೋಗುವಷ್ಟು ಹೊತ್ತು ಮಕ್ಕಳು ಕೂಡ ಪಿಟ್ಟೆನ್ನುವುದಿಲ್ಲ. ಆಮೇಲೆ ಮನೆಯ ದೊಡ್ಡವರು ಒಮ್ಮೆ ಕೆಮ್ಮಿ ಬಾಗಿಲು ತೆರೆಯುತ್ತಾರೆ. ಆ ಮೇಲೆಯೇ ಪಡಸಾಲೆಯಲ್ಲಿ ಬದುಕಿರುವವರ ಊಟ. ಒಳಗಿನ ಎಲೆ ಸತ್ತವರದು, ಹೊರಗಿನ ಎಲೆ ಬದುಕಿದವರದು; ಇದರಲ್ಲಿ ಯಾವ ಗೊಂದಲಕ್ಕೂ ಜಾಗವಿಲ್ಲ. ನಮ್ಮ ಅಪ್ಪನ ಎಡೆ ಒಳಗಿತ್ತು. ಅಣ್ಣನ ಎಲೆಯನ್ನು ಅವ್ವ ಹೊರಗೆ ಹಾಕಿಸುತ್ತಿದ್ದಳು.

ಅಣ್ಣ ಹೋದದ್ದು ಐವತ್ತರ ದಶಕದಲ್ಲಿ, ಆಲೆಮನೆಯ ಕಾಲದಲ್ಲಿ. ಸಂತೆಬಾಚಹಳ್ಳಿಯ ಹತ್ತಿರದ ನಮ್ಮೂರಿಂದ ಗಾಡಿಗೆ ಬೆಲ್ಲ ಹೇರಿಕೊಂಡು, ನಮ್ಮ ಮನೆಯ ಆಳು ದ್ಯಾವಣ್ಣನನ್ನು ಜೊತೆಗೆ ಕೂರಿಸಿಕೊಂಡು ಪಾಂಡವಪುರಕ್ಕೆ ಹೋದ. ಬೆಲ್ಲ ಮಾರಿತು. ಗಾಡಿ, ಎತ್ತು, ಬಂದ ದುಡ್ಡು ಎಲ್ಲವನ್ನೂ ದ್ಯಾವಣ್ಣನ ವಶಕ್ಕೆ ಕೊಟ್ಟು, "ನೀನು ನಡೀ, ನಾನು ಪಟ್ಣಕ್ಕೋಗಿ ಒಳೇಲಿ ಒಂದು ಮುಳುಗು ಆಕಿ ನಾಳೀಕೆ ಬತ್ತೀನಿ ಅಂತ ಅವ್ವಂಗೆ ಏಳು" ಅಂದನಂತೆ. ಪಟ್ಣ ಅಂದರೆ ನಮಗೆ ಶ್ರೀರಂಗಪಟ್ಟಣ. ಮನೆಯಲ್ಲಿ ಜಗಳವಿರಲಿಲ್ಲ, ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ, ಅತ್ತಿಗೆಯ ಮೇಲೆ ಅವನಿಗೆ ಮುನಿಸಿತ್ತೆಂದು ಹಗೆಗಳೂ ಹೇಳಲಾರರು. ದ್ಯಾವಣ್ಣ ಬಂದ, ಗಾಡಿ ಬಂತು. ಅಣ್ಣ ಬರಲಿಲ್ಲ.

ಹುಡುಕದ ಜಾಗವಿಲ್ಲ. ಶ್ರೀರಂಗಪಟ್ಟಣದ ಸಂಗಮದಲ್ಲಿ, ಪಶ್ಚಿಮವಾಹಿನಿಯಲ್ಲಿ, ಹೊಳೆಯ ಕೆಳಗಿನ ಹಳ್ಳಿಗಳಲ್ಲಿ ಅಂಬಿಗರನ್ನು ಕೇಳಿದ್ದಾಯಿತು. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಮಲಗಿದ್ದ ಪರದೇಶಿಗಳ ಮುಖವನ್ನೆಲ್ಲ ನೋಡಿದ್ದಾಯಿತು. ಹೆಣ ಸಿಗಲಿಲ್ಲ, ಕಂಡವರು ಸಿಗಲಿಲ್ಲ. ಕೊನೆಗೆ ಅವ್ವ ನಾಗಮಂಗಲದ ಹತ್ತಿರ ಶಾಸ್ತ್ರ ಹೇಳುವ ಒಬ್ಬನ ಬಳಿಗೆ ಹೋದಳು. ಅವನು ಕವಡೆ ಚೆಲ್ಲಿ, "ಬಡಗಲ ಸೀಮೇಲವ್ನೆ ಕಣವ್ವ. ಜೀವಕ್ಕೇನೂ ಆಗಿಲ್ಲ. ಬತ್ತಾನೆ" ಅಂದ. ಆ ಪುಣ್ಯಾತ್ಮ ಯಾವ ಧೈರ್ಯದಿಂದ ಹೇಳಿದನೋ ಕಾಣೆ. ಆ ಮಾತನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದವಳು ಮತ್ತೆ ಬಿಚ್ಚಲೇ ಇಲ್ಲ.

ಅವ್ವನಿಗೆ ಮಗ ಬರುವವನಾದ. ಅತ್ತಿಗೆಗೆ ಗಂಡ ಏನಾದ? ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಚಿನಕುರಳಿ ಕಡೆಯ ಹೆಣ್ಣು ಆಕೆ, ಹೆಸರು ಪುಟ್ಟತಾಯಿ. ಅವಳ ಅಣ್ಣ ಒಂದೆರಡು ಸಲ ಗಾಡಿ ಕಟ್ಟಿಕೊಂಡು ಬಂದು, "ಒಂಟ್ಬುಡು ತಾಯಿ, ಇಲ್ಲಿ ಯಾತಕ್ಕೆ ಜೀವ ತೇಯ್ತೀಯೆ?" ಎಂದು ಕರೆದ. ಇವಳು ಅವನಿಗೆ ಊಟಕ್ಕಿಟ್ಟು, ಎತ್ತಿಗೆ ನೀರು ತೋರಿಸಿ, ಬರಿಗೈಯಲ್ಲಿ ಕಳಿಸಿದಳು. ಹಬ್ಬಕ್ಕೆ ಬಳೆಗಾರ ಬಂದರೆ ಅವ್ವ ಅವಳ ಕೈ ಹಿಡಿದು ತಾನೇ ಎದುರಿಗೆ ಕೂರಿಸಿ, ಹಸಿರು ಬಳೆ ತೊಡಿಸುತ್ತಿದ್ದಳು. ಅತ್ತಿಗೆಯ ಮುಖದಲ್ಲಿ ಬೇಕು ಬೇಡ ಎರಡೂ ಕಾಣುತ್ತಿರಲಿಲ್ಲ. ಮುತ್ತೈದೆಯರ ಆರತಿಗೆ ಅವಳನ್ನು ಕರೆಯುವುದೋ ಬಿಡುವುದೋ ಎಂದು ಊರಿನ ಹೆಂಗಸರು ಹೊಸ್ತಿಲಲ್ಲಿ ತಡವರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಕಟವಾಗುತ್ತಿತ್ತು. ನನಗೆ ಎಣ್ಣೆ ಹಚ್ಚಿ ನೀರು ಹಾಕಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದ ಕೈಗಳು ಅವು.

ಮುಂದೆ ನಾನು ಓದಿ, ನಾಗಮಂಗಲದ ಹೈಸ್ಕೂಲಿನಲ್ಲಿ ಮೇಷ್ಟ್ರಾದೆ. ಮೇಷ್ಟ್ರಾದವನು ಸುಮ್ಮನೆ ಪಾಠ ಹೇಳಿಕೊಂಡಿರಬೇಕು ತಾನೇ? ಕತೆ ಬರೆಯುವ ಚಟ ಹತ್ತಿತು. ಚಟ ಕಾದಂಬರಿಗೆ ತಿರುಗಿತು. ಈಗ ಸಭೆಗಳಲ್ಲಿ ಹಾರ ಹಾಕಿ ಕೂರಿಸಿ, "ಇದು ನಿಮ್ಮ ಅನುಭವವೋ ಕಲ್ಪನೆಯೋ?" ಎಂದು ಕೇಳುತ್ತಾರೆ. ಮೈಯುರಿದುಹೋಗುತ್ತದೆ. ಮೊಸರು ಹೆಪ್ಪುಗಟ್ಟಿದ ಮೇಲೆ ಇದರಲ್ಲಿ ಹಾಲು ಯಾವುದು, ಹೆಪ್ಪು ಯಾವುದು, ಬೇರೆ ಮಾಡಿ ತೋರಿಸಿ ಅಂದರೆ ಯಾರು ತೋರಿಸಬಲ್ಲರು ಸ್ವಾಮಿ? ಆದರೂ ನಿಮ್ಮಂಥ ಸ್ನೇಹಿತರ ಮುಂದೆ ಒಂದು ಮಾತು ಹೇಳಬಹುದು. ಮನೆಯಲ್ಲಿ ಒಬ್ಬರು ಸತ್ತರೆ ಅಳು ಬರುತ್ತದೆ. ಅತ್ತು, ಮಣ್ಣು ಮಾಡಿ, ತಿಥಿ ಮಾಡಿ, ವರ್ಷಕ್ಕೊಮ್ಮೆ ಅವರ ಇಷ್ಟದ ಅಡಿಗೆ ಮಾಡಿ ನೆನೆಯುತ್ತೇವೆ. ಅದು ದುಃಖ. ದುಃಖಕ್ಕೆ ಒಂದು ಶಿಸ್ತಿದೆ. ಆದರೆ ಮನೆಯಿಂದ ಎದ್ದುಹೋದವನು ಸತ್ತನೋ ಇದ್ದಾನೋ ತಿಳಿಯದಿದ್ದರೆ, ಅಳುವುದಕ್ಕೆ ಕೂತರೆ ಅಪಶಕುನ, ಅಳದೆ ಇದ್ದರೆ ಎದೆಭಾರ, ನಗುವಂತೆಯೂ ಇಲ್ಲ. ಅಂಥ ಮನೆಯಲ್ಲಿ ಬೆಳೆದವನಿಗೆ ಎಲ್ಲದಕ್ಕೂ ಒಂದು ಕೊನೆ ಬೇಕೆನ್ನುವ ಹಸಿವು ಹುಟ್ಟಿಕೊಳ್ಳುತ್ತದೆ. ನಾನು ಕಾದಂಬರಿಕಾರನಾದದ್ದು ಆ ಹಸಿವಿನಿಂದ, ಬೇರೆ ಯಾವ ದೊಡ್ಡ ಉದ್ದೇಶದಿಂದಲೂ ಅಲ್ಲ.

ನನ್ನ ಮೊದಲ ಕಾದಂಬರಿಯ ನಾಯಕ ಬೋರಣ್ಣ. ಬೆಲ್ಲದ ಗಾಡಿಯನ್ನು ಊರಿಗೆ ತಿರುಗಿಸಿ, ತಾನು ತಿರುಗದೆ ಹೋದವನು. ಊರೂರು ಅಲೆದು, ಕೂಲಿನಾಲಿ ಮಾಡಿ, ಬಡಗಣ ಸೀಮೆಯ ಯಾವುದೋ ಪೇಟೆಯ ಛತ್ರದಲ್ಲಿ ಜ್ವರ ಬಂದು ಬೀಳುತ್ತಾನೆ. ಛತ್ರದ ಮುಂದೆ ಹೂವು ಮಾರುವ ಹೆಂಗಸೊಬ್ಬಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬಿನಿಂದ ನೀರು ಕುಡಿಸುತ್ತಾಳೆ. ಅವನು ತನ್ನೂರಿನ ಹೆಸರು ಹೇಳಿ ಕಣ್ಣು ಮುಚ್ಚುತ್ತಾನೆ. ಅಂದು ಕಾರ್ತೀಕ ಬಹುಳ ದಶಮಿ. ಆ ತಿಥಿಯನ್ನೇ ಯಾಕೆ ಆರಿಸಿದೆ ಎಂದರೆ, ಮೊದಲು ಕತ್ತಲು ಗಾಢವಾಗಿ ಕವಿದಿರಲಿ, ಚಂದ್ರ ತಡವಾಗಿ ಹುಟ್ಟಲಿ, ವರ್ಣನೆಗೆ ಚೆನ್ನಾಗಿರುತ್ತದೆ ಎಂಬ ಬರವಣಿಗೆಯ ಆಸೆ, ಅಷ್ಟೆ. ಆ ಪುಟವನ್ನು ಬರೆದು ಮುಗಿಸಿ ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ. ಅಣ್ಣನಿಗಾಗಿ ನಾನು ಅತ್ತದ್ದು ಅದೇ ಮೊದಲು.

ಪುಸ್ತಕ ಅಚ್ಚಾಯಿತು. ಊರಿಗೆ ಒಯ್ಯಲಿಲ್ಲ. ಅವ್ವನಿಗೆ ಅಕ್ಷರ ಬಾರದು, ಅತ್ತಿಗೆ ಓದಿದ್ದು ಪ್ರೈಮರಿ ಸ್ಕೂಲಿನ ನಾಲ್ಕು ದಿನ. ಯಾರಿಗೆ ತಿಳಿಯಬೇಕು ಅಂದುಕೊಂಡೆ. ಆದರೆ ನನ್ನ ಹೆಂಡತಿಗೆ ಹೆರಿಗೆಯಾಗಿ, ಬಾಣಂತನಕ್ಕೆಂದು ಅತ್ತಿಗೆ ನಾಗಮಂಗಲದ ನಮ್ಮ ಬಾಡಿಗೆ ಮನೆಗೆ ಬಂದಳು. ಮಗುವಿಗೆ ನೀರೆರೆದು, ಬಾಣಂತಿಗೆ ಉಣ್ಣಲಿಕ್ಕಿ, ಮಧ್ಯಾಹ್ನ ತೊಟ್ಟಿಲು ತೂಗುತ್ತಾ ಕೂತವಳಿಗೆ ಗೂಡಿನಲ್ಲಿದ್ದ ಪುಸ್ತಕ ಕೈಗೆ ಸಿಕ್ಕಿತು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ಓದುವುದು ಅವಳ ರೀತಿ. ಮಗು ಆ ರಾಗಕ್ಕೇ ನಿದ್ದೆಹೋಗುತ್ತಿತ್ತೆಂದು ನನ್ನ ಹೆಂಡತಿ ನಗುತ್ತಾ ಹೇಳಿದಳು. ನನ್ನ ಜೀವ ಬಾಯಿಗೆ ಬಂತು.

ಒಂದು ಸಾಯಂಕಾಲ ಸ್ಕೂಲಿಂದ ಬಂದು ಕಾಲು ತೊಳೆಯುತ್ತಿದ್ದೇನೆ, ಅತ್ತಿಗೆ ಬಚ್ಚಲ ಬಾಗಿಲಿಗೆ ಬಂದು ನಿಂತು, "ನಿನ್ ಬೋರಣ್ಣ ಅದ್ಯಾಕಪ್ಪ ಇಸ್ಕಿನ ಅವರೆ ಸಾರು ಅಂದ್ರೆ ಪ್ರಾಣ ಬುಡ್ತಾನೆ? ಅವ್ನು ಅವರೇಕಾಯಿ ಮುಟ್ಟೋನೇ ಅಲ್ಲ. ಒಟ್ಟೆ ಉಬ್ಬರಿಸ್ಕತಿತ್ತು" ಅಂದಳು.

ಚೊಂಬು ಕೈಯಲ್ಲೇ ಉಳಿಯಿತು. ಗಂಡ ಹೋದಾಗಿನಿಂದ ಅವಳು ಅವನ ಬಗ್ಗೆ ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಹೆಸರು ಹಿಡಿಯುವಂತಿಲ್ಲ, ನಮ್ಮಲ್ಲಿ ಯಾವ ಹೆಂಡತಿಯೂ ಗಂಡನ ಹೆಸರು ಹಿಡಿಯುವುದಿಲ್ಲ. ಹೆಸರಿಲ್ಲದೆ 'ಅವರು' ಅಂದರೆ ಎಲ್ಲರ ಮುಖವೂ ಬಾಡುತ್ತಿತ್ತು. ಬೋರಣ್ಣ ಎನ್ನಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಆಮೇಲೆ ದಿನವೂ ಬೋರಣ್ಣನ ಸಮಾಚಾರವೇ. ಬೋರಣ್ಣ ಎಡಗೈಲಿ ಕುಡುಗೋಲು ಹಿಡಿಯುತ್ತಿದ್ದ, ಅದನ್ನು ನೀನು ಬರೆದಿಲ್ಲ. ಬೋರಣ್ಣನಿಗೆ ಗುಡುಗಿನ ಭಯ, ಗುಡುಗಿದರೆ ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕ ನಿಲ್ಲುತ್ತಿದ್ದ. ಬೋರಣ್ಣ ಹೆಂಡತಿಗೆ ಹೊಡೆದನೆಂದು ಬರೆದಿದ್ದೀಯಲ್ಲ, "ತೂ, ನಿನ್ ಬಾಯಿಗೆ ಮಣ್ಣಾಕ! ಅವ್ನು ಒಂದಿನ ಗಟ್ಟಿಯಾಗಿ ಗದರ್‍ಲಿಲ್ಲ ಕಣಪ್ಪ" ಎಂದು ನಿಜವಾಗಿ ಸಿಟ್ಟಾದಳು. ನಾನು ಹತ್ತಾರು ವರ್ಷ ಒಂದೇ ಸೂರಿನ ಕೆಳಗೆ ಬದುಕಿದ ಅಣ್ಣನನ್ನು ಅತ್ತಿಗೆಯ ಬಾಯಿಂದ ಹೊಸದಾಗಿ ಪರಿಚಯ ಮಾಡಿಕೊಂಡೆ. ಅವಳ ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ ಬಂದುಹೋಗುವುದನ್ನು ಕಂಡು ಖುಷಿಯಾಗುತ್ತಿತ್ತು. ಆದರೆ ಓದು ಮುಂದೆ ಮುಂದೆ ಸಾಗುತ್ತಿತ್ತು, ಛತ್ರ ಹತ್ತಿರವಾಗುತ್ತಿತ್ತು.

ಓದಿ ಮುಗಿಸಿದ ದಿನ ಅವಳು ಪುಸ್ತಕವನ್ನು ಗೂಡಿಗೆ ಮರಳಿ ಇಟ್ಟಳು. ಮಾರನೆಯ ದಿನ ಎಂದಿನಂತೆ ಬಾಣಂತಿಗೆ ಮೆಣಸಿನ ಸಾರು ಮಾಡಿದಳು, ಬಟ್ಟೆ ಒಗೆದಳು. ನಾನು ಕಳ್ಳನ ಹಾಗೆ ಮನೆಯೊಳಗೆ ಓಡಾಡಿದೆ. ಒಂದು ಭಾನುವಾರ, ಬಿಸಿಲಿಗೆ ಒಣಹಾಕಿದ್ದ ಮಗುವಿನ ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಕೇಳಿದಳು:

"ಆ ನೀರು ಕುಡಿಸ್ದೋಳು ಯಾವೂರೋಳಪ್ಪ?"

ಸುಳ್ಳು ಹೇಳುವುದು ನನ್ನ ಕಸುಬು. ಆದರೆ ಆ ಹೊತ್ತಿಗೆ ನಾಲಿಗೆ ಏಳಲಿಲ್ಲ. "ಅತ್ತಿಗೆಮ್ಮ, ಅವಳು ಯಾರೂ ಇಲ್ಲ. ಛತ್ರಾನೂ ಇಲ್ಲ. ಎಲ್ಲಾ ನಾನೇ ಕಟ್ಟಿದ್ದು. ಅಣ್ಣನ ಸುದ್ದಿ ನಿಮಗೆ ಗೊತ್ತಿರೋಷ್ಟೇ ನನಗೂ ಗೊತ್ತಿರೋದು" ಅಂದೆ.

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಕಟ್ಟಿದ್ದು ಅಂತ ನಂಗೊತ್ತಿಲ್ವಾ? ನಾನೇನ್ ದಡ್ಡಿಯಾ? ಕಟ್ಟಿದ್ದಾದ್ರೂ ಒಂದು ಕೊನೆ ಅಂತ ಐತಲ್ಲಪ್ಪ. ಇಷ್ಟು ವರ್ಸ ಒಬ್ರಾದ್ರೂ ನಂಗೆ ಅಷ್ಟು ಕೊಟ್ರಾ? ಬಳೆ ತೊಡ್ಸುದ್ರು, ತೊಟ್ಕಂಡೆ. ಕುಂಕುಮ ಇಕ್ಕುದ್ರು, ಇಕ್ಕುಸ್ಕಂಡೆ. ಸಾಕಾಗೈತೆ ಕಣಪ್ಪ. ಅವ್ರು ಬಾಯಾರ್‍ಕಂಡು ಸಾಯ್ಲಿಲ್ಲ, ತಲೆ ಇಕ್ಕಳಕ್ಕೆ ಒಂದು ತೊಡೆ ಇತ್ತು ಅಂತ ಬರ್ದಿದ್ದೀಯ. ಅದ್ನೇ ದಿಟ ಅಂದ್ಕತೀನಿ. ನನ್ನ ಪಟ್ಣಕ್ಕೆ ಕರ್ಕೊಂಡೋಗು."

ಕರೆದುಕೊಂಡು ಹೋದೆ. ಬಾಣಂತನ ಮುಗಿಸಿ ಊರಿಗೆ ಮರಳಿದ್ದ ಅವಳು, ಆ ವರ್ಷದ ಕಾರ್ತೀಕದಲ್ಲಿ ತವರಿಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿ ಹೊರಟಳು. ಪಾಂಡವಪುರದಲ್ಲಿ ನಾನು ಜೊತೆಗೂಡಿದೆ. ಅವಳೇ ದಿನ ಗೊತ್ತು ಮಾಡಿದ್ದಳು. ಯಾಕೆಂದು ನನಗೆ ಹೊಳೆಯಲಿಲ್ಲ. ಪಶ್ಚಿಮವಾಹಿನಿಯಲ್ಲಿ ಹೊಳೆ ತಣ್ಣಗೆ, ತನ್ನ ಪಾಡಿಗೆ ಹರಿಯುತ್ತಿತ್ತು. ಕಲ್ಲಿನ ಮೆಟ್ಟಿಲ ಮೇಲೆ ದರ್ಭೆ ಹರಡಿಕೊಂಡು ಕೂತಿದ್ದ ಪುರೋಹಿತರು ಹೆಸರು ಕೇಳಿದರು. ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅಣ್ಣನ ಹೆಸರು ಹೇಳಿದೆ. "ಹೋದ ತಿಥಿ ಯಾವುದು?" ಅಂದರು. ನಾನು ಅತ್ತಿಗೆಯ ಕಡೆ ತಿರುಗಿದೆ. "ಗೊತ್ತಿಲ್ಲದಿದ್ರೂ ಬಾಧಕವಿಲ್ಲ, ಅಂಥವರಿಗೆ ಮಹಾಲಯ ಅಮಾವಾಸ್ಯೆ ಇದೆ..." ಎಂದು ಅವರು ಹೇಳುತ್ತಿರುವಾಗಲೇ ಅತ್ತಿಗೆ, "ಗೊತ್ತೈತೆ ಸ್ವಾಮಿ. ಕಾರ್ತೀಕ ಬೌಳ ದಸ್ಮಿ. ಇವತ್ತೇಯ" ಅಂದಳು.

ಓದುಗ ಮಿತ್ರರೇ, ಬರವಣಿಗೆಯ ಬಗ್ಗೆ ನನಗಿದ್ದ ಜಂಬವೆಲ್ಲ ಆ ಮೆಟ್ಟಿಲ ಮೇಲೆ ಇಳಿದುಹೋಯಿತು. ಚಂದ್ರ ತಡವಾಗಿ ಹುಟ್ಟಲೆಂದು ನಾನು ಇಟ್ಟ ತಿಥಿ. ಪುರೋಹಿತರು ಅದನ್ನು ಸಂಕಲ್ಪದಲ್ಲಿ ಸೇರಿಸಿ ಮಂತ್ರ ಹೇಳಿದರು. ಅವರು ಹೇಳಿದಂತೆ ಹೇಳುತ್ತಾ ನಾನು ಪಿಂಡ ಬಿಟ್ಟೆ, ಎಳ್ಳು ನೀರು ಬಿಟ್ಟೆ. ಅತ್ತಿಗೆ ಮೊಣಕಾಲುದ್ದ ನೀರಿಗಿಳಿದು ನಿಂತು ಬಳೆಗಳನ್ನು ಒಡೆಯದೆ, ಒಂದೊಂದಾಗಿ ಜಾರಿಸಿ ಹೊಳೆಗೆ ಬಿಟ್ಟಳು. ಸಲೀಸಾಗಿ ಜಾರಿದವು. ಕೈಗಳು ಅಷ್ಟು ಸೊರಗಿದ್ದವು. ಆಮೇಲೆ ದಡದಲ್ಲಿ ಕೂತು, ಇಷ್ಟು ವರ್ಷ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಅಕ್ಕಪಕ್ಕದಲ್ಲಿ ಬೇರೆ ಬೇರೆ ಮನೆಯವರು ತಮ್ಮ ತಮ್ಮವರಿಗೆ ಅಳುತ್ತಿದ್ದರು. ಯಾರೂ ಅವಳನ್ನು ತಿರುಗಿ ನೋಡಲಿಲ್ಲ. ಎಲ್ಲರ ಹಾಗೆ ಅಳುವ ಭಾಗ್ಯ ಅವಳಿಗೆ ಅವತ್ತು ಸಿಕ್ಕಿತು.

ಊರಿಗೆ ಬಂದಾಗ ಅವ್ವ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಅತ್ತಿಗೆಯ ಕೈ ನೋಡಿದಳು, ಹಣೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಪುಸ್ತಕ, ಛತ್ರ, ತಿಥಿ, ಯಾವುದನ್ನೂ ಮುಚ್ಚಿಡಲಿಲ್ಲ. ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ.

"ಬರ್ದೋನು ಸಾಯಿಸ್ದ, ಓದ್ದೋಳು ಬಳೆ ತಗುದ್ಲು," ಅಂದಳು ಅವ್ವ. "ಎತ್ತೋಳ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ನಿಲ್ವಲ್ಲ ನಿಮ್ಗೆ."

ಮತ್ತೆ ಮೊರ ಎತ್ತಿಕೊಂಡಳು. ಆ ದಿನದಿಂದ ಅತ್ತಿಗೆಯ ಜೊತೆ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ಇಬ್ಬರೂ ಕೂತು ಬೇಯಿಸಿದರು. ಉಪ್ಪು ಬೇಕಾದರೆ ಅವ್ವ ಬೆಕ್ಕಿಗೆ ಹೇಳಿದ ಹಾಗೆ ಹೇಳುತ್ತಿದ್ದಳಂತೆ. ಅತ್ತಿಗೆ ಉಪ್ಪು ಎತ್ತಿಕೊಡುತ್ತಿದ್ದಳು.

ಹೀಗೆಯೇ ಮಳೆಗಾಲ ಕಳೆದು ಮಾರ್ನಮಿ ಬಂತು. ನಾನು ಹೆಂಡತಿ ಮಗುವಿನೊಂದಿಗೆ ಊರಿಗೆ ಹೋದೆ. ನಡುಮನೆಯಲ್ಲಿ ಅತ್ತಿಗೆ ಅಪ್ಪನ ಎಡೆಯ ಪಕ್ಕದಲ್ಲಿ ಇನ್ನೊಂದು ಎಡೆ ಸಿದ್ಧ ಮಾಡಿದ್ದಳು: ಹೊಸ ಪಂಚೆ, ಮುದ್ದೆ, ಬಾಡಿನ ಸಾರು, ಕಜ್ಜಾಯ, ಬೀಡಿ ಕಟ್ಟು. ಅದರ ಮಗ್ಗುಲಿಗೆ ಒಂದು ರವಿಕೆ ಕಣ, ಒಂದು ಮೊಳ ಹೂವು. ಅದು ಯಾರಿಗೆಂದು ಯಾರೂ ಕೇಳಲಿಲ್ಲ, ನನಗೆ ಛತ್ರದ ಮುಂದಿನ ಹೂವಿನವಳು ನೆನಪಾದಳು. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ನಿಂತೆವು. ಹೊತ್ತು ಕಳೆದ ಮೇಲೆ ನಾನೇ ಕೆಮ್ಮಿ ಬಾಗಿಲು ತೆರೆದೆ. ಈಗ ಹೊರಗಿನ ಊಟಕ್ಕೆ ಎಲೆ ಹಾಕಬೇಕು. ಎಲೆಯ ಕಟ್ಟು ಕೈಯಲ್ಲಿ ಹಿಡಿದು ನಿಂತವನಿಗೆ, ದೇವರಾಣೆ, ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ.

ಅವ್ವ ಬಂದು ನನ್ನ ಕೈಯಿಂದ ಕಟ್ಟು ಕಿತ್ತುಕೊಂಡಳು. ಬಾಗಿದ ನಡುವಿನಲ್ಲೇ ತಾನೇ ಒಂದೊಂದಾಗಿ ಹಾಸಿದಳು. ನನ್ನ ಎಲೆಯ ಪಕ್ಕದಲ್ಲಿ ಒಂದು ಅಗಲದ ಎಲೆ ಹಾಸಿ, ನೀರು ಚಿಮುಕಿಸಿ, ಅಂಗೈಯಿಂದ ಒರೆಸಿದಳು. ನಾವೆಲ್ಲ ಕೂತೆವು. ಅತ್ತಿಗೆ ಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಬಂದವಳು ಆ ಎಲೆಯ ಮುಂದೆ ನಿಂತುಬಿಟ್ಟಳು. ಒಳಗೆ ಈಗಷ್ಟೇ ಅವನ ಹೆಸರಿಗೆ ಎಡೆ ಇಟ್ಟು ಬಂದಿದ್ದಾಳೆ. ಅವ್ವ ಗೋಡೆಗೊರಗಿ ಕೂತಿದ್ದವಳು, ಹತ್ತು ಹನ್ನೊಂದು ತಿಂಗಳ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದಳು.

"ನಿನ್ ಗಂಡ ಒಳ್ಗವ್ನೆ. ನನ್ ಮಗ ಇಲ್ಲೇ ಅವ್ನೆ. ಇಬ್ರಿಗೂ ಬಡ್ಸವ್ವ."

ಅತ್ತಿಗೆ ಬಗ್ಗಿ ಮುದ್ದೆ ಇಟ್ಟಳು, ಅದರ ಮೇಲೆ ಸಾರು ಬಿಟ್ಟಳು. ಸೌಟು ತುಂಬಿಹೋಗಿತ್ತೋ ಏನೋ, ಸಾರು ಮುದ್ದೆಯನ್ನು ಬಳಸಿಕೊಂಡು ಎಲೆಯ ಅಂಚಿಗೆ ಹರಿಯತೊಡಗಿತು. ಉಣ್ಣುವವರಿದ್ದರೆ ಕೈ ಅಡ್ಡ ಇಟ್ಟು ತಡೆಯುತ್ತಾರೆ. ನಾನು ನನ್ನ ಎಲೆ ಬಿಟ್ಟು, ಕೈ ಚಾಚಿ ಅಣ್ಣನ ಎಲೆಯಲ್ಲಿ ಅಡ್ಡ ಇಟ್ಟೆ.